ಬೇಲಿಯಾಚೆಯ ಕೊಲ್ಲಿ

ಪರದೇಶಕ್ಕೆ ಬಂದ ಮೇಲೆ ನನಗೆ ಪೂರ್ತಿಯಾಗಿ ಅರ್ಥವಾದ ಮೊದಲ ಮಾತು "ಕೊಲ್ಲಿ". ಹೇಳಿದವನು ಪಕ್ಕದ ಹೊಲದ ಮುದುಕ. ಒಂದು ಸಲವಲ್ಲ, ದಿನಾ ಸಂಜೆ ಹೇಳುತ್ತಿದ್ದ. ಎದೆಯೆತ್ತರದ ಗಿಡದ ಬೇಲಿಯಾಚೆ ಬರೀ ತಲೆ ಮತ್ತು ಕೊಕ್ಕೆ ಕೋಲು ಕಾಣುವಂತೆ ನಿಂತು, "ಕೊಲ್ಲಿ! ಕೊಲ್ಲಿ!" ಎಂದು ಕೂಗುತ್ತಿದ್ದ. ಎಷ್ಟು ಸ್ವಚ್ಛ ಕನ್ನಡ! ಅದೂ ಬಹುವಚನದಲ್ಲಿ, ಮರ್ಯಾದೆ ಕೊಟ್ಟು!

(ಇಲ್ಲಿನ ಭಾಷೆ ನನಗೆ ಬರುವುದಿಲ್ಲವೆಂದಲ್ಲ. ಹಾಲಿನ ಡೈರಿಯಲ್ಲಿ ಯಂತ್ರ ರಿಪೇರಿ ಮಾಡುವ ನನಗೆ ನಟ್ಟು, ಬೋಲ್ಟು, ಪೈಪು, ವಾಲ್ವುಗಳ ಮಟ್ಟಿಗೆ ಧಾರಾಳವಾಗಿ ಬರುತ್ತದೆ. ಮನುಷ್ಯರು ಮಾತಾಡಿದರೆ ಮಾತ್ರ ಕಷ್ಟ.)

"ರೀ, ಕೇಳಿಸ್ತಾ?" ಹೆಂಡತಿ ಕಿಟಕಿಯ ಪರದೆ ಸರಿಸಿ ಪಿಸುಗುಟ್ಟಿದಳು. "ಯಾರನ್ನಂತೆ?"

"ಇಲ್ಲಿ ನಮ್ಮನ್ನ ಬಿಟ್ರೆ ಇನ್ಯಾರಿದ್ದಾರೆ?"

"ಹೋಗಿ ವಿಚಾರಿಸ್ಕೊಂಡು ಬನ್ನಿ."

"ಏನಂತ ವಿಚಾರಿಸ್ಲಿ? ಸ್ವಾಮಿ, ಇವತ್ತೋ ನಾಳೆನೋ ಅಂತಾನಾ?"

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ನಾನು ಪೇಟೆಯ ಗಲಾಟೆಯಲ್ಲಿ ಹುಟ್ಟಿ ಬೆಳೆದವನು. ಇಲ್ಲಿ ಕಣ್ಣು ಹಾಯಿಸಿದಷ್ಟು ದೂರ ಹುಲ್ಲು, ನಡುವೆ ನಮ್ಮದೊಂದು ಬಾಡಿಗೆ ಮನೆ. ಕೂಗಿದರೆ ಕೇಳಿಸುವಷ್ಟು ಹತ್ತಿರ ಇದ್ದವನು ಆ ಮುದುಕನೊಬ್ಬನೇ. ಅಂಥವನು ಕೂಗುವುದು ಇದನ್ನು! ಬಾಗಿಲಿಗೆ ಚಿಲಕ, ಚಿಲಕಕ್ಕೆ ಬೀಗ, ಬಾಗಿಲಿಗೆ ಒತ್ತಾಗಿ ಊಟದ ಮೇಜು, ಹೀಗೆ ಕೋಟೆ ಕಟ್ಟಿಕೊಂಡು ಸಂಸಾರ ನಡೆಸುತ್ತಿದ್ದೆ. ಊಟ ನೆಲದ ಮೇಲೆ.

ಹೀಗಿರುವಾಗ ಒಂದು ಸಂಜೆ ಡೈರಿಯಿಂದ ಬಂದು ನೋಡುತ್ತೇನೆ, ಮಗಳಿಲ್ಲ. ಒಂದನೇ ಕ್ಲಾಸಿನ ಪೋರಿ. ಬಾಯಿ ಒಂದು ಗಳಿಗೆ ಸುಮ್ಮನಿರದ್ದರಿಂದ ಮನೆಯಲ್ಲಿ ಅವಳಿಗೆ ಪಟಾಕಿ ಅಂತಲೇ ಹೆಸರು. ಹಿತ್ತಲಲ್ಲಿ ಆಡುತ್ತಿದ್ದಳಂತೆ. ಈಗ ಅವಳ ಒಂದು ಚಪ್ಪಲಿ ಮಾತ್ರ ಬೇಲಿಯ ಬುಡದಲ್ಲಿ ಬಿದ್ದಿತ್ತು. ಹೆಂಡತಿ "ಪಟಾಕೀ!" ಎಂದು ಕೂಗಿದಳು. ಉತ್ತರ ಬಂದದ್ದು ಆಚೆಯಿಂದ: "ಕೊಲ್ಲಿ! ಕೊಲ್ಲಿ!"

ತಮಾಷೆಗೆ ಹೇಳುತ್ತಿಲ್ಲ, ಮಗು ಸಿಕ್ಕಿದರೆ ಸಾಕು, ಬೇಕಾದರೆ ನನ್ನನ್ನೇ ಕೊಲ್ಲಲಿ ಎನಿಸಿತು.

"ನಾನು ರಸ್ತೆ ಕಡೆಯಿಂದ ಹೋಗಿ ಅವರ ಬಾಗಿಲು ತಟ್ತೀನಿ," ಎಂದಳು ಹೆಂಡತಿ.

"ಹುಚ್ಚಾ ನಿಂಗೆ? ಶತ್ರುವಿನ ಬಾಗಿಲು ಯಾರಾದ್ರೂ ತಟ್ತಾರೇನೇ? ನಾನು ಹಿಂದಿನಿಂದ ಹೋಗ್ತೀನಿ. ನೀನಿಲ್ಲೇ ಇರು!"

ಹೊರಗೆ ಕೊರೆಯುವ ಚಳಿ. ಕೈಗೆ ಸಿಕ್ಕಿದ್ದು ಅವಳ ಬಿಳಿ ಉಣ್ಣೆ ಕೋಟು, ಅದನ್ನೇ ತೊಟ್ಟುಕೊಂಡೆ. ದೊಡ್ಡ ಸ್ಪಾನರೊಂದನ್ನು ಹಿಡಿದು ಬೇಲಿ ನುಸುಳಿದೆ. ಯಾರ ಕಣ್ಣಿಗೂ ಬೀಳಬಾರದೆಂದು ನಾಲ್ಕು ಕಾಲಿನ ಮೇಲೆ (ಕೈಗಳನ್ನೂ ಸೇರಿಸಿ ಹೇಳುತ್ತಿದ್ದೇನೆ) ದಂಡಯಾತ್ರೆ ಹೊರಟೆ. ಕತ್ತಲಾಗುತ್ತಿತ್ತು. ಸುತ್ತ ಏನೋ ಉಸಿರಾಡುವ ಸದ್ದು. ಒಂದು ಸೀಟಿ. ಮತ್ತೆ, "ಕೊಲ್ಲಿ!"

ಹುಲ್ಲು ಸೀಳಿಕೊಂಡು ಕಪ್ಪನೆಯದೇನೋ ನುಗ್ಗಿ ಬಂತು. ಹಲ್ಲು ಕಂಡಿತು. ಸ್ಪಾನರ್ ಎಲ್ಲಿ ಬಿತ್ತೋ ದೇವರೇ ಬಲ್ಲ. ನಾನು ಎಡಕ್ಕೆ ಹೊರಳಿದರೆ ಅದೂ ಎಡಕ್ಕೆ, ಬಲಕ್ಕೆ ಹೊರಳಿದರೆ ಬಲಕ್ಕೆ. ಎದ್ದು ನಿಲ್ಲಲು ನೋಡಿದರೆ ಗುರ್ರ್! ಕಚ್ಚಲಿಲ್ಲ, ಬಿಡಲೂ ಇಲ್ಲ. ಎರಡೂ ಪಕ್ಕದಿಂದ ಬೆಚ್ಚನೆಯ ಮೈಗಳು ನನ್ನನ್ನು ಒತ್ತುತ್ತಿದ್ದವು. ಯಾರು ಅಂತ ನೋಡುವ ಧೈರ್ಯವಾಗದೆ ಕಣ್ಣು ಮುಚ್ಚಿ, ಮಗಳನ್ನು ನೆನೆದು ಅಳುತ್ತಲೇ ಅವುಗಳ ಜೊತೆ ಓಡಿದೆ. ಹಿಂದೆ ಧಡಾರನೆ ಗೇಟು ಮುಚ್ಚಿತು.

ಕಣ್ಣು ಬಿಟ್ಟೆ. ಲಾಟೀನಿನ ಬೆಳಕು. ಸುತ್ತ ಕುರಿಗಳು. ನಡುವೆ, ಬಿಳಿ ಉಣ್ಣೆಯಲ್ಲಿ, ನಾನು. ದೊಡ್ಡಿಯ ಗೋಡೆಯ ಮೇಲೆ ಪಟಾಕಿ ಬಿಸ್ಕತ್ತು ತಿನ್ನುತ್ತ ಕೂತಿದ್ದಳು. ಪಕ್ಕದಲ್ಲಿ ನನ್ನ ಹೆಂಡತಿ, ಕೈಯಲ್ಲಿ ಮುದುಕ ಕೊಟ್ಟ ಚಹಾ. (ಬಾಗಿಲು ತಟ್ಟಿದ್ದಳು.)

"ಅಯ್ಯೋ ಅಪ್ಪಾ! ನೀನ್ಯಾಕೆ ಒಳಗಿದ್ದೀಯ?"

"ಪುಟ್ಟಾ... ಆ ತಾತ... ಕೊಲ್ಲಿ ಅಂತ..."

"ಕೊಲ್ಲಿ ಅಂದ್ರೆ ಈ ನಾಯಿಯ ಜಾತಿ ಅಪ್ಪಾ! ತಾತ ಅದನ್ನ ಹಾಗೇ ಕರೀತಾರೆ. ಹೊಲದಲ್ಲಿರೋ ಕುರಿಗಳನ್ನೆಲ್ಲಾ ಹುಡುಕಿ ಹುಡುಕಿ ಒಳಗೆ ತರುತ್ತೆ." (ಸ್ಕೂಲಿಗೆ ಸೇರಿ ನಾಲ್ಕು ದಿನಕ್ಕೇ ಅವಳಿಗೆ ಆ ಭಾಷೆ ಬಂದುಬಿಟ್ಟಿತ್ತು.)

ನಾನು ಗೋಡೆಯ ಮೇಲಿಂದ ಇಳಿಬಿದ್ದಿದ್ದ ಅವಳ ಕಾಲು ಹಿಡಿದುಕೊಂಡು ಗಟ್ಟಿಯಾಗಿ ಅತ್ತೆ. ಮುದುಕ ಪಾಪ, ಹ್ಯಾಟು ತೆಗೆದು ಏನೋ ಗೊಣಗಿದ.

"ತಾತ ಸಾರಿ ಕೇಳ್ತಿದ್ದಾರೆ," ಎಂದಳು ಪಟಾಕಿ. "ಕೊಲ್ಲಿ ಯಾವತ್ತೂ ಹೀಗೆ ತಪ್ಪು ಮಾಡಿಲ್ವಂತೆ."

ಹೆಂಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಾಯಿಯ ತಲೆ ಸವರಿದಳು. "ತಪ್ಪೇನಿದೆ? ಇವರು ಕುರಿ ಅಂತ ಗೊತ್ತಾಗೋಕೆ ನಂಗೆ ಎಷ್ಟು ವರ್ಷ ಬೇಕಾಯ್ತು! ಇದಕ್ಕೆ ನೋಡು, ಒಂದೇ ಸಂಜೆ ಸಾಕಾಯ್ತು."

ಮುದುಕ ಗೇಟು ತೆಗೆದ. ನಾನು ಕೋಟು ಕೊಡವಿ, ಇದ್ದಬದ್ದ ಗಾಂಭೀರ್ಯವನ್ನೆಲ್ಲ ಮುಖಕ್ಕೆ ತಂದುಕೊಂಡು ಹೊರಗೆ ಹೆಜ್ಜೆಯಿಟ್ಟೆ. ನಾಯಿ ನನ್ನನ್ನು ಮತ್ತೆ ಒಳಕ್ಕೆ ಅಟ್ಟಿತು.