ಅಮ್ಮನ ಕಾವಲಿಯಲ್ಲಿ ಪಿಜ್ಜಾ

ಕೆಲವರಿಗೆ ಕುಡಿತ, ಕೆಲವರಿಗೆ ಇಸ್ಪೀಟು. ನನಗೆ ತೊಳೆಯುವ ಚಟ. ತರೀಕೆರೆಯ ಆಫೀಸಿನಲ್ಲಿ ನನ್ನ ಟೇಬಲ್ಲಿನ ಗಾಜನ್ನು ದಿನಕ್ಕೆ ನಾಲ್ಕು ಸಲ ಒರೆಸುತ್ತೇನೆ. "ಸಾರ್, ಗಾಜು ಆಮೇಲೆ ನೋಡೀರಂತೆ, ನನ್ನ ಖಾತೆ ಕಾಗದ ನೋಡಿ" ಎಂದು ಪಂಚನಹಳ್ಳಿಯ ಒಬ್ಬರು ಕೈಮುಗಿದದ್ದೂ ಉಂಟು. ಈ ಚಟದಿಂದ ಯಾರಿಗೂ ಕೇಡಿಲ್ಲ ಎಂದೇ ನಂಬಿಕೊಂಡಿದ್ದೆ, ಅಮ್ಮನ ಕಾವಲಿಯಲ್ಲಿ ಪಿಜ್ಜಾ ಮಾಡುವ ತನಕ.

ಅದು ಬೀಡುಕಬ್ಬಿಣದ ಕಾವಲಿ. ಮದುವೆಯಾಗಿ ಕಡೂರಿಗೆ ಬರುವಾಗ ಅಮ್ಮ ಅಮೃತಾಪುರದ ತವರಿನಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದದ್ದು. ಅದರಲ್ಲಿ ದೋಸೆ ಬಿಟ್ಟರೆ ಬೇರೇನೂ ಬೇಯಬಾರದು, ಚಪಾತಿ ಕೂಡ. ಸೋಪಂತೂ ಹತ್ತಿರ ಸುಳಿಯಬಾರದು. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಸವರಿ, ಬಟ್ಟೆಯಲ್ಲಿ ಒರೆಸಿ ಎತ್ತಿಡಬೇಕು, ಅಷ್ಟೇ. ಹೋದ ವರ್ಷ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಂಚ ಹಿಡಿದ ಮೇಲೆ ಅಮ್ಮ ಒಂದೊಂದೇ ಊಟ ಬಿಟ್ಟಳು. ಅನ್ನ ಬಿಟ್ಟಳು, ಮುದ್ದೆ ಬಿಟ್ಟಳು. ಉಳಿದದ್ದು ಬೆಳಗಿನ ಒಂದು ದೋಸೆ. "ಏನು ತಿಂತಾರೋ ಅದನ್ನೇ ಕೊಡಿ" ಎಂದರು ಡಾಕ್ಟರು. ಅವರು ಹಾಗಂದರೆ ಏನರ್ಥ ಎಂದು ಬಿಡಿಸಿ ಹೇಳಬೇಕಿಲ್ಲ.

ಅಂಥ ದಿನಗಳಲ್ಲಿ ನನಗೆ ಪಿಜ್ಜಾದ ಹುಚ್ಚು ಹಿಡಿಯಿತು! ಆಫೀಸಿನಿಂದ ಬರುವ ರೈಲಿನಲ್ಲಿ ಮೊಬೈಲು ನೋಡುತ್ತಿದ್ದೆ. ಯಾರೋ ಒಬ್ಬಾಕೆ ಓವನ್ನೇ ಇಲ್ಲದೆ ದಪ್ಪ ಕಬ್ಬಿಣದ ಬಾಣಲೆಯಲ್ಲಿ ಪಿಜ್ಜಾ ಮಾಡಿ ತೋರಿಸಿದಳು. ಭಾನುವಾರ ಹೆಂಡತಿ ಸಾವಿತ್ರಿ ಅಜ್ಜಂಪುರಕ್ಕೆ ನಾಮಕರಣಕ್ಕೆ ಹೋದದ್ದೇ ತಡ, ಮೈದಾ ನಾದಿದೆ, ಟೊಮೆಟೊ ಗೊಜ್ಜು ಬಳಿದೆ, ಚೀಸು ಸುರಿದೆ, ಮೇಲೊಂದು ತಟ್ಟೆ ಮುಚ್ಚಿದೆ. ಮೇಲೆ ಹಸಿ, ಕೆಳಗೆ ಇದ್ದಿಲು. ಅಮ್ಮನಿಗೆ ಒಂದು ಚೂರು ಒಯ್ದೆ. ಕಣ್ಣು ಕಿರಿದು ಮಾಡಿ ನೋಡಿ, "ಇದೇನೋ, ರೊಟ್ಟಿಗೆ ಸಿಡುಬು ಎದ್ದೈತೆ" ಎಂದು ಮುಖ ತಿರುಗಿಸಿದಳು. ಸರಿ, ನಾನೇ ತಿಂದೆ. ಆಮೇಲೆ ಕಾವಲಿ ನೋಡಿದರೆ ಚೀಸು ಕರಗಿ, ಸೀದು, ಕಚ್ಚಿಕೊಂಡಿದೆ. ಸೋಪಿನ ಪುಡಿ ಹಾಕಿದೆ, ತಂತಿಯ ಉಂಡೆಯಲ್ಲಿ ಒಂದು ಗಂಟೆ ಉಜ್ಜಿದೆ. ಚೀಸೂ ಹೋಯಿತು, ಅದರ ಕೆಳಗಿನ ಐವತ್ತೈದು ವರ್ಷದ ಕಪ್ಪೂ ಹೋಯಿತು. ಬೂದುಬಣ್ಣಕ್ಕೆ ಹೊಳೆಯುತ್ತಿದ್ದ ಕಾವಲಿಯನ್ನು ಕಂಡು ನನಗಾದ ಸಂತೋಷ ಹೇಳಲು ಈಗ ನಾಚಿಕೆಯಾಗುತ್ತದೆ.

ರಾತ್ರಿ ಅಜ್ಜಂಪುರದಿಂದ ಬಂದಿದ್ದ ಸಾವಿತ್ರಿ ಮಾರನೆಯ ಬೆಳಗ್ಗೆ ಹುಯ್ದ ದೋಸೆ ಏಳಲಿಲ್ಲ. ಮೊಗಚೆಕಾಯಿಯಲ್ಲಿ ಎಷ್ಟು ಕೆರೆದರೂ ಚಿಂದಿ ಚಿಂದಿ. ಮಂಚದಿಂದಲೇ ಅಮ್ಮನಿಗೆ ಆ ಕೆರೆತ ಕೇಳಿಸಿತು. "ಯಾಕೋ, ಕಾವಲಿ ಏನಾಯ್ತೋ?" ಎಂದಳು. ನಾನು, ಐವತ್ತೆರಡು ವರ್ಷದ ಗಂಡಸು, "ಏನಿಲ್ಲಮ್ಮ, ಹಿಟ್ಟು ಸರಿಯಾಗಿಲ್ಲ" ಎಂದುಬಿಟ್ಟೆ. "ಲೇ ಸಾವಿತ್ರಿ, ಇಪ್ಪತ್ತೈದು ವರ್ಷ ಆದ್ರೂ ಹಿಟ್ಟು ರುಬ್ಬಕ್ಕೆ ಬರ್ಲಿಲ್ವೇನೇ ನಿಂಗೆ?" ಎಂದು ಅಮ್ಮ ಕೂಗಿದಳು. ಸಾವಿತ್ರಿ ಕಾವಲಿ ನೋಡಿದಳು, ನನ್ನನ್ನು ನೋಡಿದಳು. "ನಾಳೆ ಸರಿಯಾಗಿ ರುಬ್ತೀನಿ ಅತ್ತೆ" ಎಂದಳು.

ಪಕ್ಕದ ಮನೆಯ ನೂರಕ್ಕ ಕೇಳಿ ಹಣೆ ಚಚ್ಚಿಕೊಂಡರು. "ಅಯ್ಯೋ ಅಲ್ಲಾ! ಎಣ್ಣೆ ಸವರಿ ಕಾಯ್ಸಿ, ಆರ್ಸಿ, ದಿನಾ ಹಂಗೇ ಮಾಡಿ ಸಾರ್. ಅದು ಮುನಿಸ್ಕೊಂಡ್ರೆ ಬೇಗ ಸರಿಹೋಗಲ್ಲ." ದಿನಾ ಸವರಿದೆ, ಕಾಯಿಸಿದೆ. ಅಷ್ಟರಲ್ಲಿ ಹೊಸ ನಾನ್‌ಸ್ಟಿಕ್ ತವಾ ತಂದು ದೋಸೆ ಹುಯ್ದು ಕೊಟ್ಟರೆ, ಅಮ್ಮ ಒಂದು ತುತ್ತು ಬಾಯಿಗಿಟ್ಟು, "ಇದು ನಮ್ಮನೆ ದೋಸೆ ಅಲ್ಲ" ಎಂದು ತಟ್ಟೆ ಸರಿಸಿದಳು. ಆಮೇಲೆ ಬರೀ ಹಾಲು, ಆಮೇಲೆ ಚಮಚದಲ್ಲಿ ನೀರು. ನಿಜ ಹೇಳಿಬಿಡಬೇಕು ಎಂದು ದಿನಾ ಮಂಚದ ಹತ್ತಿರ ಹೋಗಿ ಕೂರುತ್ತಿದ್ದೆ. ಕೂತು ಹೊದಿಕೆ ಸರಿಮಾಡಿ, ಲೋಟ ತೊಳೆದಿಟ್ಟು ಎದ್ದು ಬರುತ್ತಿದ್ದೆ. ಒಂದು ಗುರುವಾರ ಅಮ್ಮ ಹೋಗಿಬಿಟ್ಟಳು. ದೋಸೆ ಬಿಟ್ಟದ್ದಕ್ಕೇ ಹೋದಳು ಎಂದು ಯಾರೂ ಅನ್ನಲಿಲ್ಲ. ನಾನೂ ಅನ್ನುವುದಿಲ್ಲ, ಅನ್ನಿಸುತ್ತದೆ.

ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲೆ ಒಂದು ಬೆಳಗ್ಗೆ ಸಾವಿತ್ರಿ ಅದೇ ಕಾವಲಿಯಲ್ಲಿ ದೋಸೆ ಹುಯ್ದಳು. ಅಂಚು ತಾನಾಗಿ ಬಿಟ್ಟುಕೊಂಡಿತು. ಒಂದೇ ಏಟಿಗೆ ಇಡೀ ದೋಸೆ ಎದ್ದು ಬಂತು. ಅವಳು ಅದನ್ನು ನನ್ನ ತಟ್ಟೆಗೆ ಹಾಕಿ, ಗೋಡೆಯ ಮೇಲಿದ್ದ ಅಮ್ಮನ ಫೋಟೋ ಕಡೆ ತಿರುಗಿ, "ನೋಡಿ ಅತ್ತೆ, ಹಿಟ್ಟು ಸರಿಯಾಗೇ ಇತ್ತು" ಎಂದಳು.

ನಾನು ಮುರಿದು ತಿಂದೆ. ದೋಸೆ ಬಹಳ ಚೆನ್ನಾಗಿತ್ತು. ಇನ್ನೊಂದು ಹಾಕು ಎನ್ನಲು ಯಾವ ಮುಖವೂ ಇರಲಿಲ್ಲ, ಆದರೂ ತಟ್ಟೆ ಚಾಚಿದೆ.