ಅಯ್ಯೋ ಎನ್ನದ ದಿನ

ಎಲ್ಲಕ್ಕೂ ಕಾರಣ ಮ್ಯಾನೇಜರ್ ಸಾಹೇಬರ ಸೀಮೆಸುಣ್ಣ. ಅದೆಲ್ಲೋ ಮೂರು ದಿನದ ವ್ಯಕ್ತಿತ್ವ ವಿಕಸನ ಶಿಬಿರಕ್ಕೆ ಹೋಗಿಬಂದ ಮೇಲೆ ಅವರಿಗೊಂದು ಹುಚ್ಚು ಹತ್ತಿತ್ತು. ದಿನಾ ಬೆಳಿಗ್ಗೆ ಆಫೀಸಿನ ಬಾಗಿಲ ಬಳಿಯ ಕಪ್ಪು ಹಲಗೆಯ ಮೇಲೆ ಒಂದು ಇಂಗ್ಲಿಷ್ ಪದ ಬರೆಯುತ್ತಿದ್ದರು. ಅರ್ಥವನ್ನು ಸಿಬ್ಬಂದಿಯೇ ಹುಡುಕಿಕೊಂಡು, ಸಂಜೆ ಐದರ ಸಭೆಯಲ್ಲಿ ಸರಿಯಾಗಿ ಬಳಸಿ ತೋರಿಸಬೇಕು. ವಾಷಿಂಗ್ ಮಷೀನ್ ರಿಪೇರಿ ಮಾಡುವ ಕಂಪನಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆ ದಿನದ ಪದ 'ಸ್ಟೋಯಿಕ್'. ಕೆಳಗೆ ಸಣ್ಣಕ್ಷರದಲ್ಲಿ 'ಗ್ರೀಕ್ ಮೂಲ'.

ಅದನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡುತ್ತ ನಿಂತವರು ದೂರು ವಿಭಾಗದ ಗುಮಾಸ್ತರು. ಆಫೀಸಿನಲ್ಲಿ ಎಲ್ಲರಿಗೂ ಅವರು ನರಳಪ್ಪ. ಫೋನ್ ಬಂದರೆ ಅಯ್ಯೋ, ಬರದಿದ್ದರೂ ಅಯ್ಯೋ, ಕುಳಿತರೆ ಅಪ್ಪಾ, ಎದ್ದರೆ ಅಮ್ಮಾ. ಪಾಪ, ಕಾರಣವಿಲ್ಲದೆ ಇಲ್ಲ. ಊರಿನಲ್ಲಿ ಎಷ್ಟು ವಾಷಿಂಗ್ ಮಷೀನು ಕೆಟ್ಟರೂ ಅದರ ಬೈಗುಳವೆಲ್ಲ ಆರು ವರ್ಷದಿಂದ ಅವರ ಕಿವಿಗೇ ಬೀಳುತ್ತಿತ್ತು. ಈಗ ಮಹಡಿಯ ಮೇಲೆ ಹಳೇ ಕಡತಗಳ ಕೋಣೆಯಲ್ಲಿ, ಕಿಟಕಿಯ ಪಕ್ಕದ ಕುರ್ಚಿ ಖಾಲಿಯಾಗಿತ್ತು. ಕಡತಗಳು ಬೈಯುವುದಿಲ್ಲ. ಆ ಕುರ್ಚಿ ಯಾರಿಗೆಂದು ಅವತ್ತಿನ ಸಂಜೆಯ ಸಭೆಯಲ್ಲೇ ಹೇಳುವವರಿದ್ದರು. ನರಳಪ್ಪನವರು ಅದಕ್ಕಾಗಿ ಮೂರು ಅರ್ಜಿ ಕೊಟ್ಟಿದ್ದರು, ಗೋದಾಮಿನ ಗುಮಾಸ್ತ ಒಂದು ಕೊಟ್ಟಿದ್ದ.

ಸಾಹೇಬರ ಪದ ಬಳಸಿ ಅವರನ್ನು ಮೆಚ್ಚಿಸಿದರೆ ಕುರ್ಚಿ ತಮ್ಮದೇ ಎಂದು ನರಳಪ್ಪನವರ ಲೆಕ್ಕ. ಟೈಪಿಸ್ಟ್ ಮೇಡಂ, ಅದೊಂದು ತರಹದ ಕಂಬ ಇರಬೇಕು ಎಂದರು. ಗೋದಾಮಿನ ಗುಮಾಸ್ತ, ಗ್ರೀಕ್ ಅಂದಮೇಲೆ ಕಾಯಿಲೆಯೇ ಸೈ ಎಂದ. ಕೊನೆಗೆ ನರಳಪ್ಪನವರು ಇಂಗ್ಲಿಷ್ ಮೇಷ್ಟ್ರಾಗಿದ್ದ ಭಾವಮೈದುನನಿಗೆ ಫೋನ್ ಮಾಡಿದರು.

"ಹಿಂದೆ ಗ್ರೀಸ್ ದೇಶದಲ್ಲಿ ಕೆಲವರು ಕಂಬದ ಪಡಸಾಲೇಲಿ ಕೂತು ಪಾಠ ಹೇಳ್ತಿದ್ರು ಭಾವ. ಆ ಪಡಸಾಲೆ ಹೆಸರಿಂದ ಬಂದಿರೋ ಪದ. ಏನೇ ಕಷ್ಟ ಬಂದ್ರೂ ಗೊಣಗದೆ, ಮುಖ ಅಲ್ಲಾಡಿಸದೆ ತಡ್ಕೊಳ್ಳೋನು ಅಂತ ಅರ್ಥ."

"ಹಾಗಾದ್ರೆ 'ನಾನು ಸ್ಟೋಯಿಕ್' ಅಂತ ಹೇಳಿಬಿಟ್ರೆ ಆಯ್ತಲ್ಲ?"

"ನಮ್ಮನ್ನ ನಾವೇ ಹಾಗಂದ್ಕೊಂಡ್ರೆ ಜಂಬ ಆಗುತ್ತೆ. ನೋಡಿದವರು ಹೇಳ್ಬೇಕು. ನಿಮ್ಮನ್ನ ನೋಡಿ ಯಾರೂ ಹೇಳಲ್ಲ ಬಿಡಿ."

ಆ ಕೊನೆಯ ಮಾತು ನರಳಪ್ಪನವರಿಗೆ ನಾಟಿತು. ಸಂಜೆಯೊಳಗೆ ಸಾಹೇಬರ ಬಾಯಿಂದಲೇ ಆ ಪದ ಬರಿಸುತ್ತೇನೆ ಎಂದು ಹಲ್ಲು ಕಚ್ಚಿದರು. ಕಚ್ಚಿದ ಹಲ್ಲು ಮತ್ತೆ ಬಿಡಲಿಲ್ಲ.

ಹತ್ತೂಕಾಲಿಗೆ ಸ್ಟೇಪ್ಲರ್ ಪಿನ್ನು ಹೆಬ್ಬೆರಳಿಗೆ ಹೊಕ್ಕಿತು. ಪಿನ್ನನ್ನು ಕಿತ್ತು, ಡಬ್ಬಿಗೆ ಹಾಕಿ, ಮುಂದಿನ ಕಾಗದ ತೆಗೆದುಕೊಂಡರು. ಹನ್ನೊಂದಕ್ಕೆ ಒಬ್ಬ ಹೆಂಗಸು ನೀರು ಹೋಗದ ಪೈಪನ್ನು ಸಾಕ್ಷಿಗೆಂದು ಕಿತ್ತುಕೊಂಡೇ ಬಂದಿದ್ದರು. ಅಲ್ಲಿಯವರೆಗೆ ಹೋಗದಿದ್ದ ನೀರು ನರಳಪ್ಪನವರ ಮಡಿಲಿಗೆ ಸರಾಗವಾಗಿ ಹೋಯಿತು. "ಮುಂದೆ ಹೇಳಿ ತಾಯಿ" ಎಂದರು ಅವರು. ಆಕೆ ಬೈಯುವುದನ್ನೇ ಮರೆತು ಕ್ಷಮೆ ಕೇಳಿ ಹೊರಟುಹೋದರು.

ಇಷ್ಟಾಗುವಷ್ಟರಲ್ಲಿ ಆಫೀಸಿನವರಿಗೆ ದಿಗಿಲು. ಆರು ವರ್ಷ ಗೋಡೆ ಗಡಿಯಾರದ ಹಾಗೆ ಕೇಳಿಸುತ್ತಿದ್ದ 'ಅಯ್ಯೋ' ಇದ್ದಕ್ಕಿದ್ದಂತೆ ನಿಂತರೆ ಯಾರಿಗೆ ಕೆಲಸ ಓಡುತ್ತದೆ? ಗೋದಾಮಿನ ಗುಮಾಸ್ತ ಬೇಕೆಂದೇ ಅವರ ಕಾಲು ತುಳಿದು ನೋಡಿದ. ನರಳಪ್ಪನವರು ಅವನನ್ನು ನೋಡಿ ಮೆಲ್ಲಗೆ ನಕ್ಕರು. ಅವನು ಹೆದರಿ ಹಿಂದೆ ಸರಿಯುವಾಗ ರಟ್ಟಿನ ಡಬ್ಬಿಯ ಅಂಚಿಗೆ ಬೆರಳು ಕೊಯ್ದುಕೊಂಡು, ಸೂರು ಹಾರಿಹೋಗುವಂತೆ ಕಿರುಚಿಕೊಂಡ. ಅವನ ಬೆರಳಿಗೆ ಪಟ್ಟಿ ಕಟ್ಟಿದ ಟೈಪಿಸ್ಟ್ ಮೇಡಂ ಸೀದಾ ಹೋಗಿ ನರಳಪ್ಪನವರ ಹೆಂಡತಿಗೆ ಫೋನ್ ಮಾಡಿದರು. ಐದೇ ನಿಮಿಷಕ್ಕೆ ಆಕೆಯ ಫೋನು ಬಂತು.

"ಏನೂಂದ್ರೆ, ಬೆಳಿಗ್ಗೆಯಿಂದ ಒಂದ್ಸಲವೂ ಅಯ್ಯೋ ಅಂದಿಲ್ವಂತೆ? ಏನು ಮುಚ್ಚಿಡ್ತಿದ್ದೀರಿ ನನ್ನ ಹತ್ರ?"

"ಏನಿಲ್ಲ. ಚೆನ್ನಾಗಿದ್ದೀನಿ."

ಚೆನ್ನಾಗಿದ್ದೀನಿ ಎಂಬ ಮಾತನ್ನು ಮದುವೆಯಾದ ಮೇಲೆ ಆಕೆ ಅವರ ಬಾಯಲ್ಲಿ ಕೇಳಿರಲಿಲ್ಲ. ಪರೀಕ್ಷೆ ಮಾಡಲೆಂದು, ಅಮ್ಮ ಬರ್ತಾಳಂತೆ, ಎರಡು ತಿಂಗಳು ಇರ್ತಾಳಂತೆ ಎಂದರು. "ಬರ್ಲಿ, ಪಾಪ, ಮೂರು ತಿಂಗಳು ಇರ್ಲಿ" ಎಂದರು ನರಳಪ್ಪ. ಆ ಕಡೆಯಿಂದ ಅಳು ಕೇಳಿಸಿತು. ಅಳುತ್ತಲೇ ಆಕೆ, ಅಮ್ಮನಿಗೆ ಈಗಲೇ ಹೊರಟು ಬರೋಕೆ ಹೇಳ್ತೀನಿ, ನಿಮ್ಮನ್ನ ನೋಡ್ಕೊಳ್ಳೋಕೆ ಇನ್ನೊಬ್ಬರು ಬೇಕು ಎಂದು ಫೋನ್ ಇಟ್ಟರು. ನರಳಪ್ಪನವರ ಗಂಟಲವರೆಗೆ ಬಂದ ಅಯ್ಯೋ ಗಂಟಲಲ್ಲೇ ಸತ್ತಿತು. ಗಾಜಿನ ಕೋಣೆಯೊಳಗಿನಿಂದ ಸಾಹೇಬರು ನೋಡುತ್ತಿದ್ದರು.

ಐದಕ್ಕೆ ಸಭೆ. ಯಾರಾದರೂ ಪದ ಬಳಸುವ ಮೊದಲೇ ಸಾಹೇಬರು ಎದ್ದು ನಿಂತು ನರಳಪ್ಪನವರ ಕಡೆ ಕೈ ತೋರಿಸಿದರು.

"ಸ್ಟೋಯಿಕ್ ಅಂದ್ರೆ ಏನು ಅಂತ ಪುಸ್ತಕ ನೋಡ್ಬೇಡಿ. ಇವರನ್ನ ನೋಡಿ. ಇವರೇ ಸ್ಟೋಯಿಕ್."

ಚಪ್ಪಾಳೆಯೋ ಚಪ್ಪಾಳೆ. ನರಳಪ್ಪನವರ ಕಣ್ಣ ಮುಂದೆ ಕಿಟಕಿ ತೆರೆದುಕೊಂಡಿತು, ತಣ್ಣನೆ ಗಾಳಿಯೂ ಬೀಸಿತು. ಅಷ್ಟರಲ್ಲಿ ಸಾಹೇಬರು ಜೇಬಿನಿಂದ ಒಂದು ಕಾಗದ ತೆಗೆದರು. ಅದು ನಿನ್ನೆಯೇ ಟೈಪಾಗಿದ್ದ ಆದೇಶ, ಕಿಟಕಿಯ ಕುರ್ಚಿಯನ್ನು ನರಳಪ್ಪನವರಿಗೇ ಕೊಟ್ಟಿತ್ತು.

"ನಿಜ ಹೇಳ್ತೀನಿ, ಬೇಸರ ಮಾಡ್ಕೋಬೇಡಿ. ನಮ್ಮ ಕಷ್ಟ ಹೇಳೋಕೆ ಬಂದ್ರೆ ಆ ಮನುಷ್ಯನ ನರಳಾಟಾನೇ ಕೇಳ್ಬೇಕು ಅಂತ ಗ್ರಾಹಕರೆಲ್ಲ ದೂರು ಕೊಟ್ಟಿದ್ರು. ಅದಕ್ಕೇ ನಿಮ್ಮನ್ನ ಮೇಲೆ ಕಳಿಸೋಣ ಅಂತಿದ್ದೆ. ಇವತ್ತು ನಿಮ್ಮನ್ನ ನೋಡಿದ ಮೇಲೆ ಮನಸ್ಸು ಬದಲಾಯ್ತು. ದೂರು ವಿಭಾಗಕ್ಕೆ ನಿಮ್ಮಂಥವರು ಎಲ್ಲಿ ಸಿಗ್ತಾರೆ? ನಿವೃತ್ತಿ ಆಗೋವರೆಗೂ ಆ ಜಾಗ ನಿಮ್ಮದೇ."

ಕಾಗದ ಹರಿದು ನಾಲ್ಕು ಚೂರಾಯಿತು. ಕಿಟಕಿಯ ಕುರ್ಚಿ ಗೋದಾಮಿನ ಗುಮಾಸ್ತನಿಗೆ ಹೋಯಿತು. ಬೆರಳು ಕೊಯ್ದರೆ ಅಷ್ಟು ಕಿರುಚುವವನು ಬೇರೆಲ್ಲಿ ಕೆಲಸ ಮಾಡಿಯಾನು ಎಂದು ಸಾಹೇಬರಿಗೆ ಕನಿಕರ ಬಂದಿತ್ತು.

ನರಳಪ್ಪನವರು ಅಯ್ಯೋ ಎನ್ನಲು ಹೋದರು. ಜನ್ಮದಲ್ಲಿ ಎಂದೂ ಅಷ್ಟು ಮನಸಾರೆ ಅಯ್ಯೋ ಎನ್ನಬೇಕೆನಿಸಿರಲಿಲ್ಲ. ಆದರೆ ಬೆಳಿಗ್ಗೆಯಿಂದ ಕಚ್ಚಿ ಹಿಡಿದ ದವಡೆ ಬಿಡಿಸಿಕೊಳ್ಳಲೇ ಇಲ್ಲ. ಕಣ್ಣು ಅಗಲಿಸಿ, ತುಟಿ ಬಿಗಿದು, ಕಂಬದಂತೆ ನಿಂತೇ ಇದ್ದರು.

ಸಾಹೇಬರು ಸಿಬ್ಬಂದಿಯ ಕಡೆ ತಿರುಗಿ, ಹೆಮ್ಮೆಯಿಂದ ದನಿ ತಗ್ಗಿಸಿ ಹೇಳಿದರು: "ನೋಡಿ, ಈಗಲೂ ಮುಖ ಅಲ್ಲಾಡ್ಲಿಲ್ಲ."