ಬೀಗದ ಗುಂಡಿ

ಒಂದೇ ಭಾನುವಾರದ ಬೆಳಗಿನಲ್ಲಿ ಇಡೀ ಕಾಲೇಜನ್ನು ಆನ್‌ಲೈನ್ ಯುಗಕ್ಕೆ ದಾಟಿಸಿಬಿಡುತ್ತೇನೆಂದು ನಾನು ಸಂಕಲ್ಪ ಮಾಡಿದೆ. ಅವರವರ ಮನೆಯಿಂದಲೇ ಸೇರುವ ಇಪ್ಪತ್ತೆರಡು ಅಧ್ಯಾಪಕರು, ಒಂದೂವರೆ ಗಂಟೆ, ಕಲಿಸುವವಳು ನಾನೊಬ್ಬಳೇ! ಹನ್ನೊಂದಕ್ಕೆ ಪ್ರಿನ್ಸಿಪಾಲರೂ ಸೇರಿಕೊಂಡು ನೋಡುವವರಿದ್ದರು. ಅವರು ಮೆಚ್ಚಿದರೆ ಆನ್‌ಲೈನ್ ತರಗತಿಗಳ ಹೊಣೆ ನನ್ನದು. ಪ್ರತಿವರ್ಷ ಎಲೆ ಉದುರುವ ಹೊತ್ತಿಗೆ ತಾನೂ ಉದುರಿಹೋಗುವ ನನ್ನ ಅತಿಥಿ ಉಪನ್ಯಾಸಕಿ ಕೆಲಸ ಆಗ ಖಾಯಂ.

ಆ ಇಪ್ಪತ್ತೆರಡರಲ್ಲಿ ಒಬ್ಬರು ನಮ್ಮಪ್ಪ. ಅದೇ ಕಾಲೇಜಿನಲ್ಲಿ ಮೂವತ್ತೆರಡು ವರ್ಷದಿಂದ ಗಣಿತದ ಮೇಷ್ಟ್ರು. ಹುಡುಗರು ಇಟ್ಟ ಹೆಸರು ‘ಚಿಲಕ’. ಗಂಟೆ ಹೊಡೆದ ಮರುಕ್ಷಣ ಅವರ ತರಗತಿಯ ಬಾಗಿಲು ಮುಚ್ಚುತ್ತದೆ. ಆಮೇಲೆ ಬಂದವರು ಕಿಟಕಿಯ ಹೊರಗೆ ನಿಂತೇ ಪಾಸಾಗಬೇಕು.

“ಅಪ್ಪಾ, ನೀವು ನಿಮ್ಮ ರೂಮಲ್ಲಿ ಮೊಬೈಲ್‌ನಿಂದ ಸೇರ್ಕೊಳ್ಳಿ. ನಾನು ಹಾಲ್‌ನಲ್ಲಿರ್ತೀನಿ.”

“ಕ್ಲಾಸಲ್ಲಿ ಅಪ್ಪ ಗಿಪ್ಪ ಬೇಡ. ಸರ್ ಅನ್ನು. ನಾನೂ ಮೇಡಂ ಅಂತೀನಿ,” ಎಂದವರು ಕೋಣೆ ಸೇರಿ ಚಿಲಕ ಹಾಕಿಕೊಂಡರು.

ಮೊದಲ ಮುಕ್ಕಾಲು ಗಂಟೆ ನೀರು ಹರಿದಂತೆ ಹರಿಯಿತು. ಎಲ್ಲರ ಧ್ವನಿಯನ್ನೂ ಒಟ್ಟಿಗೇ ಅಡಗಿಸುವ ಗುಂಡಿ ತೋರಿಸಿದಾಗ ಅಪ್ಪ ಬಲಭುಜ ನೀವಿಕೊಂಡರು.

“ಮೇಡಂ, ಇಷ್ಟು ವರ್ಷ ಸೀಮೆಸುಣ್ಣ ಎಸೆದೆ. ಇದು ಮೊದಲೇ ಇದ್ದಿದ್ರೆ ನನ್ನ ಭುಜ ಉಳೀತಿತ್ತು.”

ನಂತರ ಬೀಗದ ಗುಂಡಿ. ಅದನ್ನೊತ್ತಿದರೆ ತಡವಾಗಿ ಬಂದವರಿಗೆ ಪ್ರವೇಶವಿಲ್ಲ.

“ಯಾರಿಗೂ ಇಲ್ವಾ?” ಅಪ್ಪ ಕೇಳಿದರು.

“ಯಾರಿಗೂ ಇಲ್ಲ, ಸರ್. ಸಾಕ್ಷಾತ್ ನಾನೇ ಬಂದ್ರೂ!”

ಅಭ್ಯಾಸಕ್ಕೆಂದು ತರಗತಿ ನಡೆಸುವ ನನ್ನ ಅಧಿಕಾರವನ್ನೆಲ್ಲ ಅಪ್ಪನ ಕೈಗೆ ಕೊಟ್ಟೆ. ಆಗ ಹತ್ತು ಐವತ್ತೆಂಟು. ಅದೇ ಕ್ಷಣ ನನ್ನ ಲ್ಯಾಪ್‌ಟಾಪ್ ಕಣ್ಣು ಮುಚ್ಚಿತು. ಅದರ ಬ್ಯಾಟರಿ ಸತ್ತು ಎರಡು ವರ್ಷವಾಗಿದೆ, ವೈರಿನ ಆಸರೆಯಲ್ಲೇ ಅದರ ಬದುಕು.

“ಅಮ್ಮಾ, ಏನು ಕಿತ್ತೆ?”

“ಇಸ್ತ್ರಿಗೆ ಜಾಗ ಬೇಡ್ವೇನೇ? ಯಾವುದೋ ಕರಿ ವೈರು.”

ಅದು ಮತ್ತೆ ಎದ್ದು, ಮೈಮುರಿದು, ಸಜ್ಜಾಗಲು ಐದು ನಿಮಿಷ ಬೇಕು. ಮೊಬೈಲ್‌ನಿಂದ ಪ್ರಯತ್ನಿಸುವಷ್ಟರಲ್ಲಿ ಹನ್ನೊಂದು ಹೊಡೆದಿತ್ತು. ‘ಈ ತರಗತಿಗೆ ಬೀಗ ಹಾಕಲಾಗಿದೆ’ ಎಂದಿತು. ಅಪ್ಪನಿಗೆ ಫೋನ್ ಮಾಡಿದರೆ ಕತ್ತರಿಸಿದರು. ಉಳಿದವರಿಗೂ ಮಾಡಿದೆ. ಅವರಲ್ಲಿ ಏಳು ಜನ ಅಪ್ಪನ ಹಳೆಯ ಶಿಷ್ಯರು. ಚಿಲಕ ಮೇಷ್ಟ್ರ ಕ್ಲಾಸಿನಲ್ಲಿ ಫೋನ್ ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ.

ಓಡಿಹೋಗಿ ಕೋಣೆಯ ಬಾಗಿಲು ಬಡಿದೆ.

“ಯಾರದು?”

“ನಾನು, ಅಪ್ಪಾ!”

“ಕ್ಲಾಸಲ್ಲಿ ಅಪ್ಪ ಇಲ್ಲ.”

“ಸರ್! ತರಬೇತಿ ಕೊಡ್ತಿರೋಳು ನಾನು!”

“ಹನ್ನೊಂದು ಹೊಡೆದು ಐದು ನಿಮಿಷ ಆಯ್ತು. ಪ್ರಿನ್ಸಿಪಾಲರು ಕೂತಿದ್ದಾರೆ. ಗಲಾಟೆ ಬೇಡ.”

ಅಮ್ಮ ಇಸ್ತ್ರಿಪೆಟ್ಟಿಗೆಯಿಂದ ತಲೆಯೆತ್ತಲಿಲ್ಲ. “ಮದುವೆಯಾದಾಗಿಂದ ನಾನೂ ಆ ಬಾಗಿಲು ಬಡೀತಿದ್ದೀನಿ. ಬಾ, ಈ ಬೆಡ್‌ಶೀಟಿನ ತುದಿ ಹಿಡ್ಕೋ.”

ಹಿಡಿದುಕೊಂಡೆ. ಕಿಟಕಿಯ ಬಿಸಿಲು ಬಿಳಿ ಬಟ್ಟೆಯ ಮೇಲೆ ಹರಡಿತ್ತು. ಬಾಗಿಲಾಚೆಯಿಂದ ನನ್ನದೇ ಪಾಠ ತೇಲಿ ಬರುತ್ತಿತ್ತು, ನಾನು ಹೇಳಿದ್ದಕ್ಕಿಂತ ಸರಳವಾಗಿ. ನಾನು ಮೂರು ಸಲ ಹೇಳಿದರೂ ಇತಿಹಾಸದ ಮೇಡಂಗೆ ತಿಳಿಯದ್ದನ್ನು ಅಪ್ಪ ಒಂದೇ ಮಾತಿನಲ್ಲಿ ತಿಳಿಸಿದರು. ಬೆಡ್‌ಶೀಟ್ ಮಡಿಸುತ್ತಾ ನಾನೂ ಎರಡು ಹೊಸ ಸಂಗತಿ ಕಲಿತೆ.

ಹನ್ನೊಂದೂವರೆಗೆ ಚಿಲಕ ತೆರೆಯಿತು.

“ಎಲ್ಲಿ ಹೋಗಿದ್ದೆ? ಪ್ರಿನ್ಸಿಪಾಲರು ಕೇಳಿದ್ರು.”

“ನೀವೇನು ಹೇಳಿದ್ರಿ?”

“ಇದ್ದದ್ದನ್ನೇ ಹೇಳಿದೆ. ಗೈರುಹಾಜರಿ.”

ಸಂಜೆ ಪ್ರಿನ್ಸಿಪಾಲರ ಸಂದೇಶ ಬಂತು. ‘ತರಬೇತಿ ಅಪೂರ್ವ ಯಶಸ್ಸು ಕಂಡಿದೆ. ತರಬೇತಿ ಕೊಡುವವರಿಲ್ಲದೆಯೂ ತರಗತಿ ನಡೆಯಬಲ್ಲದೆಂದು ಸಾಬೀತಾಗಿದೆ. ಆನ್‌ಲೈನ್ ತರಗತಿಗಳ ಹೊಣೆಯನ್ನು ಗಣಿತದ ಮೇಷ್ಟ್ರಿಗೆ ವಹಿಸಲಾಗಿದೆ. ಗೈರಾದವರಿಗೆ ಮುಂದಿನ ಭಾನುವಾರ ಹತ್ತಕ್ಕೆ ಅವರೇ ಮರುತರಬೇತಿ ನೀಡುವರು.’

ಕೆಳಗೆ ಗೈರಾದವರ ಪಟ್ಟಿಯಿತ್ತು. ಅದರಲ್ಲಿದ್ದದ್ದು ಒಂದೇ ಹೆಸರು.

ಮುಂದಿನ ಭಾನುವಾರ ಒಂಬತ್ತೂವರೆಗೇ ಸೇರಿಕೊಂಡೆ. ಅಮ್ಮನ ಇಸ್ತ್ರಿಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು.